ಹಳೇ ಎಕ್ಸ್1 ಡೀಸೆಲ್: ಮದ್ದೂರು ಕಡೆ ಹಳ್ಳಿ ರಸ್ತೆಗೆ ಆಗುತ್ತಾ?

ಆಲೆಮನೆ_ಹೈದ:
ಎಲ್ಲರಿಗೂ ನಮಸ್ಕಾರ. ನಮ್ಮೂರು ಮದ್ದೂರಿಂದ 9 ಕಿ.ಮೀ. ಒಳಕ್ಕೆ. ಆಲೆಮನೆ ಇದೆ, ಮಂಡ್ಯದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ. ವಾರಕ್ಕೆ ಎರಡು ಸಲ ಬೆಂಗಳೂರು. 2021ರ ಬಿಎಂಡಬ್ಲ್ಯು ಎಕ್ಸ್1 ಎಸ್‌ಡ್ರೈವ್20ಡಿ ಒಂದು ನೋಡಿದೀನಿ. 46 ಸಾವಿರ ಓಡಿದೆ, 27 ಲಕ್ಷ ಹೇಳ್ತಾವ್ರೆ. ಹೊಸದು ತಗೊಳ್ಳೋಣ ಅಂದ್ರೆ ಎಕ್ಸ್-ಶೋರೂಮೇ 50 ಲಕ್ಷದ ಹತ್ತಿರ, 20 ಲಕ್ಷ ದಾಟಿದ ಗಾಡಿಗೆ 18 ಪರ್ಸೆಂಟ್ ಲೈಫ್ ಟ್ಯಾಕ್ಸು, ಅದರ ಮೇಲೆ ಸೆಸ್ಸು. ನಮ್ಮ ಕೈಲಿ ಆಗದ ಮಾತು.

ಒಂದು ರೌಂಡ್ ಓಡಿಸಿ ನೋಡಿದೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಬೆನ್ನು ಸೀಟಿಗೆ ಅಂಟಿಕೊಳ್ತು. ಅವತ್ತಿಂದ ನಿದ್ದೆ ಇಲ್ಲ. ಅಪ್ಪ ಮಾತ್ರ "ಆ ದುಡ್ಡಿಗೆ ಮೂರು ಟ್ರ್ಯಾಕ್ಟ್ರು ಬತ್ತವೆ ಕಣ್ಲಾ" ಅಂತವ್ರೆ. ಈ ಥರದ ಗಾಡೀನ ದಿನಾ ಓಡಿಸೋರು ಯಾರಾದ್ರೂ ಇದ್ರೆ ನಿಜ ಹೇಳಿ.

ಪಾಂಡವಪುರ_ರೈಸ್‌ಮಿಲ್:
ತಮ್ಮ, ನಾಲ್ಕು ವರ್ಷದಲ್ಲಿ 71 ಸಾವಿರ ಕಿ.ಮೀ. ಓಡಿಸಿದೀನಿ. ನನ್ನದೂ ಇದೇ ಸೈಜಿನ ಡೀಸೆಲ್ಲು. ಯಾವ ಕಂಪನಿ ಅಂತ ಕೇಳಬೇಡ, ಮುಂದೆ ಬೈಯೋದಿದೆ.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ನೆನಸ್ಕೊಂಡು ಈ ಗಾಡಿ ತಗೋಬೇಡ. ಅಲ್ಲಿ 100 ದಾಟಿದ್ರೆ ಕ್ಯಾಮೆರಾ ಇದೆ. 2023ರ ಆಗಸ್ಟಿಂದ ಬೈಕು, ಆಟೋ, ಟ್ರ್ಯಾಕ್ಟ್ರು ಮೇನ್ ರೋಡಿಗೆ ಬರಂಗಿಲ್ಲ ಅಂತಾದ ಮೇಲೆ 100ರಲ್ಲಿ ಯಾವ ಗಾಡಿಯಾದ್ರೂ ನೆಮ್ಮದಿಯಾಗೇ ಹೋಗುತ್ತೆ. ನೀನು ನೋಡಿರೋದ್ರಲ್ಲಿ 190 ಕುದುರೆ ಇದಾವೆ, ಗಣಂಗೂರು ಟೋಲಲ್ಲಿ ಸಾಲಿಗೆ ನಿಲ್ಲಿಸೋಕೆ ಅಷ್ಟು ಬೇಕಾ?

ಇದರ ಮಜಾ ಬೇಕು ಅಂದ್ರೆ ಬೆಳಗ್ಗೆ ಆರಕ್ಕೆ ಜಕ್ಕನಹಳ್ಳಿ ಕಡೆಯಿಂದ ಮೇಲುಕೋಟೆ ಹತ್ತು. ಎತ್ತರದ ಗಾಡಿಗಳು ತಿರುವಿನಲ್ಲಿ ವಾಲ್ತವಲ್ಲ, ಹಿಂದೆ ಕೂತೋರು ಹಿಡ್ಕೊಳ್ಳೋಕೆ ಏನಾದ್ರೂ ಹುಡುಕ್ತಾರಲ್ಲ, ಅದು ಇಲ್ಲ. ಸ್ಟೀರಿಂಗ್ ಎಷ್ಟು ತಿರುಗಿಸ್ತೀಯೋ ಮೂತಿ ಅಷ್ಟೇ ತಿರುಗುತ್ತೆ. 400 ನ್ಯೂಟನ್ ಮೀಟರ್ ಟಾರ್ಕು, ಅಂದ್ರೆ ಎಳೆಯೋ ಬಲ, ಕಡಿಮೆ ಆರ್‌ಪಿಎಂನಲ್ಲೇ ಸಿಗೋದ್ರಿಂದ ಏರಿನಲ್ಲಿ ಎಂಜಿನ್ ಕಿರುಚಾಡಲ್ಲ. ನಮ್ಮನೆಯವಳು ಜೀವಮಾನದಲ್ಲಿ ಮೊದಲ ಸಲ ವಾಂತಿ ಮಾಡ್ಕೊಳ್ಳದೆ ಮೇಲುಕೋಟೆ ತಲುಪಿದಳು. ಹೊಟ್ಟೆ ತುಂಬ ಪುಳಿಯೋಗರೆ ತಿಂದು ಇಳಿದಾಗಲೂ ಏನೂ ಆಗಲಿಲ್ಲ. ನಾನು ಗಾಡಿಗೆ ಮನಸೋತಿದ್ದು ಅವತ್ತು.

ಅಂದಹಾಗೆ, ನೀನು ನೋಡಿರೋ ಮಾಡೆಲ್ಲಲ್ಲಿ ಎಸ್‌ಡ್ರೈವ್ ಅಂದ್ರೆ ಮುಂದಿನ ಚಕ್ರಕ್ಕೆ ಮಾತ್ರ ಪವರ್. ಎಸ್‌ಯುವಿ ಅಂತ ಹೆಸರು ನೋಡಿ ಗದ್ದೆಗೆ ಇಳಿಸಿಬಿಟ್ಟೀಯ.

ಈಗ ಟೈರಿನ ಕತೆ. ನನ್ನದಕ್ಕೆ ಬಂದಿದ್ದು 225/50, 18 ಇಂಚು. 225 ಅಂದ್ರೆ ಟೈರಿನ ಅಗಲ ಮಿ.ಮೀ.ನಲ್ಲಿ, 50 ಅಂದ್ರೆ ಆ ಅಗಲದ ನೂರಕ್ಕೆ ಐವತ್ತು, ಅರ್ಧ. ಹಂಗಾಗಿ ರಿಮ್ಮಿಗೂ ರಸ್ತೆಗೂ ನಡುವೆ ಇರೋ ರಬ್ಬರು 112 ಮಿ.ಮೀ. ಅಷ್ಟೆ. ಹೋದ ಕಾರ್ತಿಕದಲ್ಲಿ ರಾತ್ರಿ ಎಂಟರ ಹೊತ್ತಿಗೆ ವಿ.ಸಿ. ನಾಲೆ ಏರಿ ಮೇಲೆ ಬರ್ತಿದ್ದೆ. ಎದುರಿಗೆ ಒಂದೇ ಲೈಟು. ಬೈಕು ಅಂದ್ಕೊಂಡೆ. ಹತ್ತಿರ ಬಂದ ಮೇಲೆ ಕಬ್ಬಿನ ಸೋಗೆ ಕಾಣಿಸ್ತು: ಟ್ರ್ಯಾಕ್ಟ್ರು, ಹಿಂದೆ ಎರಡು ಟ್ರೈಲರು. ಎಡಕ್ಕೆ ಎಳೆದೆ. ಟಪ್ ಅಂತು. ಟಾರ್ಚ್ ಹಾಕಿ ನೋಡಿದ್ರೆ ಸೈಡ್‌ವಾಲು ಮೀನಿನ ಬಾಯಿ ಥರ ತೆರ್ಕೊಂಡಿತ್ತು.

ರನ್-ಫ್ಲಾಟ್ ಟೈರು, ಗಾಳಿ ಹೋದ್ರೂ 80 ಸ್ಪೀಡಲ್ಲಿ 80 ಕಿ.ಮೀ. ಓಡುತ್ತೆ ಅಂತ ಮಾರೋವಾಗ ಹೇಳಿದ್ರು. ಅದು ಮೊಳೆ ಚುಚ್ಚಿದ್ರೆ. ಹೀಗೆ ಸೀಳಿದ್ರೆ ಅಲ್ಲ, ಅದನ್ನ ಯಾರೂ ಹೇಳಲಿಲ್ಲ. ಸ್ಟೆಪ್ನಿ ಜಾಗ ತೆಗೆದು ನೋಡಿದ್ರೆ ಥರ್ಮೋಕೋಲಿನ ತಟ್ಟೆ. ಪಂಚರ್ ಅಂಗಡಿ ಹುಡುಗ ಬಂದು ಸುತ್ತಾ ಒಂದು ಪ್ರದಕ್ಷಿಣೆ ಹಾಕಿ, "ಅಣ್ಣೋ, ಇದು ನಮ್ ಮಿಷಿನ್ನಿಗೆ ಕೂರಲ್ಲ" ಅಂತ ಹೊರಟ. ಟೈರು ಬೆಂಗಳೂರಿಂದ ಬರೋಕೆ ಮೂರು ದಿನ, ಒಂದಕ್ಕೆ 26 ಸಾವಿರ. ಆ ಮೂರು ದಿನವೂ ಮಿಲ್ಲಿಗೆ ಮಗಳ ಸ್ಕೂಟಿಯಲ್ಲಿ ಹೋದೆ. ದಾರೀಲಿ ಸಿಕ್ಕೋರೆಲ್ಲ ಕೇಳಿದ್ದು ಒಂದೇ, "ಗಾಡಿ ಮಾರ್ಬುಟ್ರಾ?"

ಆಮೇಲೆ 17 ಇಂಚಿನ ರಿಮ್ಮು, 225/55ರ ಮಾಮೂಲಿ ಟ್ಯೂಬ್‌ಲೆಸ್ ಟೈರು ಹಾಕಿಸಿದೆ. ಚಕ್ರದ ಒಟ್ಟು ಎತ್ತರ ಹೆಚ್ಚುಕಮ್ಮಿ ಅದೇ, ರಬ್ಬರು 11 ಮಿ.ಮೀ. ಜಾಸ್ತಿ. ಡಿಕ್ಕಿಯಲ್ಲಿ ಸ್ಟೆಪ್ನಿ ಮಲಗಿಸಿದೀನಿ, ಅರ್ಧ ಜಾಗ ಹೋಯ್ತು. ನೋಡೋಕೆ ಮೊದಲಿನ ಗತ್ತಿಲ್ಲ ಅಂತ ಮಗ ಮುಖ ಊದಿಸ್ಕೊಂಡ. ಹಂಪು ಹತ್ತಿ ಇಳಿಯೋವಾಗ ನನ್ನ ಸೊಂಟಕ್ಕೆ ವ್ಯತ್ಯಾಸ ಗೊತ್ತಾಗುತ್ತೆ.

ಕುವೆಂಪುನಗರ_ಹಲ್ಲುಡಾಕ್ಟ್ರು:
ಮಿಲ್ ಅಣ್ಣ ಟೈರಲ್ಲೇ ಮುಳುಗಿಹೋದ್ರು, ನಾನು ಡಿಪಿಎಫ್ ಬಗ್ಗೆ ಹೇಳ್ತೀನಿ. ಬಿಎಸ್6 ಡೀಸೆಲ್ಲಿನ ಸೈಲೆನ್ಸರ್ ದಾರೀಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ. 60ರ ಮೇಲೆ, ನಿಲ್ಲಿಸದೆ ಹದಿನೈದು ಇಪ್ಪತ್ತು ನಿಮಿಷ ಓಡಿದ್ರೆ ಅದು ಬಿಸಿಯಾಗಿ ಮಸಿ ತಾನಾಗೇ ಸುಟ್ಟುಹೋಗುತ್ತೆ. ನನಗೆ ಮನೆಯಿಂದ ಕ್ಲಿನಿಕ್ಕಿಗೆ 3 ಕಿ.ಮೀ., ನಡುವೆ ನಾಲ್ಕು ಸಿಗ್ನಲ್ಲು. ತಿಂಗಳಿಗೊಮ್ಮೆ ಡ್ಯಾಷ್‌ಬೋರ್ಡಲ್ಲಿ ದೀಪ ಹತ್ತೋದು, ನಾನು ರಾತ್ರಿ ಊಟ ಮುಗಿಸಿ ನಾಯಿಯನ್ನ ವಾಕಿಂಗ್ ಕರ್ಕೊಂಡು ಹೋದಂಗೆ ಗಾಡೀನ ರಿಂಗ್ ರೋಡಿಗೆ ಕರ್ಕೊಂಡು ಹೋಗೋದು. ಕೊನೆಗೆ ಮಾರಿ ಪೆಟ್ರೋಲ್ ತಗೊಂಡೆ. ನಿಮಗೆ ವಾರಕ್ಕೆರಡು ಸಲ ಬೆಂಗಳೂರು ಇದೆಯಲ್ಲ, ಡೀಸೆಲ್ಲೇ ಸರಿ.

ಗ್ರೀಸ್_ಕೈ:
ಮೈಸೂರಲ್ಲಿ ಗ್ಯಾರೇಜು ನಂದು. ಎರಡೇ ಮಾತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ನೋಡಿ, 1221 ಅಂತಿದ್ರೆ 2021ರ 12ನೇ ವಾರದ್ದು. ನಾಲ್ಕು ಟೈರೂ ಬೇರೆ ಬೇರೆ ವರ್ಷದ್ದಾಗಿದ್ರೆ ಮಧ್ಯೆ ಬದಲಾಯಿಸಿದಾರೆ ಅಂತ, ಗಾಡಿ ಇನ್ನೂ ಜಾಸ್ತಿ ಓಡಿರಬಹುದು; 46 ಸಾವಿರ ಅನ್ನೋದನ್ನ ನಂಬೋ ಮುಂಚೆ ಸರ್ವಿಸ್ ಹಿಸ್ಟರಿ ತೆಗೆಸಿ. ಇನ್ನೊಂದು, ನಂಬರ್ ಪ್ಲೇಟು ಕೆಎ ತಾನೆ? ದಿಲ್ಲಿ ಕಡೆ ಡೀಸೆಲ್ಲಿಗೆ 10 ವರ್ಷದ ಮಿತಿ ಅಂತ ಇದ್ದಿದ್ರಿಂದ ಅಲ್ಲಿಂದ ಗಾಡಿಗಳು ಅಗ್ಗಕ್ಕೆ ಬರ್ತಿದ್ವು. ಎನ್‌ಒಸಿ ತಂದು ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟೋ ಹೊತ್ತಿಗೆ ಅಗ್ಗ ಅನ್ನೋದು ಮರೆತೇ ಹೋಗಿರುತ್ತೆ.

ಆಲೆಮನೆ_ಹೈದ:
ಎಲ್ಲರಿಗೂ ಥ್ಯಾಂಕ್ಸ್. ನಂಬರು ಕೆಎ 09. ಟೈರ್ ನೋಡ್ದೆ ಅಣ್ಣ, ಎರಡು 2021, ಎರಡು 2024. ಹಿಸ್ಟರಿ ತೆಗೆಸ್ತಾ ಇದೀನಿ. ಶನಿವಾರ ಅಪ್ಪನ್ನ ಹಿಂದೆ ಕೂರಿಸ್ಕೊಂಡು ನಮ್ಮೂರ ನಾಲೆ ರಸ್ತೇಲೇ ಒಂದು ರೌಂಡ್ ಹೊಡೀಬೇಕು ಅಂತ ಕೇಳ್ದೆ. ಅದಕ್ಕೆ ಮಾರೋನು "ಆ ರೋಡು ಬೇಡ ಸಾರ್, ಗಾಡಿ ಹಾಳಾಗುತ್ತೆ" ಅಂದ.

ಪಾಂಡವಪುರ_ರೈಸ್‌ಮಿಲ್:
ಹಂಗಾದ್ರೆ 24 ಲಕ್ಷಕ್ಕೆ ಕೇಳು. ರಿಮ್ಮು ಟೈರಿನ ದುಡ್ಡು ಅದರಲ್ಲೇ ಬರಲಿ.