ಎಂಟನೆಯ ಕಾವಲಿ

ದೇಶ ಬೆಳೆಯಬೇಕಾದರೆ ಜನ ಉಳಿತಾಯ ಮಾಡಬೇಕು, ಉಳಿದದ್ದೆಲ್ಲ ಬರೀ ಮಾತು ಎಂದು ನಿವೃತ್ತ ಬ್ಯಾಂಕ್ ಅಧಿಕಾರಿ ರಾಯರು ಗಾಂಧಿಬಜಾರಿನ ಹೋಟೆಲೊಂದರ ಬಾಗಿಲಲ್ಲಿ ದೋಸೆಯ ಸರದಿಗೆ ನಿಂತು ತೀರ್ಪು ಕೊಟ್ಟರು. ನಮ್ಮ ಗುಂಪಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರು ಇದ್ದಾರೆಂಬುದನ್ನು ಅವರು ಆ ಕ್ಷಣ ಮರೆತಿದ್ದರು.

“ರಾಯರೇ, 1956ರಲ್ಲಿ ಅಮೆರಿಕದ ರಾಬರ್ಟ್ ಸೋಲೋ ಮತ್ತು ಆಸ್ಟ್ರೇಲಿಯದ ಟ್ರೆವರ್ ಸ್ವಾನ್ ಎಂಬ ಅರ್ಥಶಾಸ್ತ್ರಜ್ಞರು ಬೇರೆ ಬೇರೆಯಾಗಿ ಕಟ್ಟಿದ ಮಾದರಿ, ಅಂದರೆ ಆರ್ಥಿಕ ಬೆಳವಣಿಗೆಯನ್ನು ವಿವರಿಸುವ ಲೆಕ್ಕದ ಚೌಕಟ್ಟು, ಈ ಮಾತನ್ನು ಒಪ್ಪುವುದಿಲ್ಲ” ಎಂದರು ಮೇಷ್ಟ್ರು. “ಒಳಗೆ ನೋಡಿ, ಭಟ್ಟರು ಒಬ್ಬರೇ, ಕಾವಲಿ ಎರಡು. ಮೂರನೆಯದನ್ನು ಹಾಕಿದರೆ ದೋಸೆ ಹೆಚ್ಚುತ್ತದೆ, ನಾಲ್ಕನೆಯದಕ್ಕೆ ಅಷ್ಟಾಗಿ ಹೆಚ್ಚುವುದಿಲ್ಲ, ಎಂಟನೆಯದಕ್ಕೆ ಹೆಚ್ಚುವುದು ಗ್ಯಾಸಿನ ಖರ್ಚೊಂದೇ. ಕೊನೆಗೆ, ಉಳಿಸಿದ ಹಣವೆಲ್ಲ ಸವೆದ ಕಾವಲಿಗಳನ್ನು ಬದಲಾಯಿಸುವುದಕ್ಕೇ ಸರಿಹೋಗುವ ಹಂತ ಬರುತ್ತದೆ. ಬಂಡವಾಳವೊಂದನ್ನೇ ನಂಬಿದ ಬೆಳವಣಿಗೆ ಅಲ್ಲಿಗೆ ನಿಂತಿತು.”

“ಹಾಗಾದರೆ ನಾನು ಜೀವಮಾನವೆಲ್ಲ ಠೇವಣಿ ಹಿಡಿದದ್ದು ದಂಡವೇ?”

“ದಂಡವಲ್ಲ. ಉಳಿತಾಯದಿಂದ ತಲಾ ಉತ್ಪನ್ನದ ಮಟ್ಟ ಏರುತ್ತದೆ. ಆದರೆ ಬೆಳವಣಿಗೆಯ ದರ ಶಾಶ್ವತವಾಗಿ ಏರುವುದಿಲ್ಲ. ಅದಕ್ಕೆ ತಂತ್ರಜ್ಞಾನವೇ ಬೇಕು.”

“ಆ ತಂತ್ರಜ್ಞಾನ ಎಲ್ಲಿಂದ ಬರುತ್ತದೆ?” ಎಂದು ಕೇಳಿದವರು ಕಿರಾಣಿ ಅಂಗಡಿಯ ಶೆಟ್ಟರು.

“ಹೊರಗಿನಿಂದ” ಎಂದು ಮೇಷ್ಟ್ರು ಗಂಭೀರವಾಗಿ ಹೇಳಿದಾಗ ಶೆಟ್ಟರು ಒಮ್ಮೆ ರಸ್ತೆಯ ಕಡೆಗೆ ತಿರುಗಿ ನೋಡಿದರು.

ಮೇಷ್ಟ್ರು ಬಿಡಲಿಲ್ಲ. ಅಮೆರಿಕದಲ್ಲಿ 1909ರಿಂದ 1949ರವರೆಗೆ ಒಂದು ಗಂಟೆಯ ದುಡಿಮೆಯ ಉತ್ಪನ್ನ ಇಮ್ಮಡಿಯಾಗಿತ್ತು. ಆ ಹೆಚ್ಚಳದಲ್ಲಿ ಬಂಡವಾಳದಿಂದ ಬಂದದ್ದು ಎಂಟರಲ್ಲಿ ಒಂದು ಪಾಲು, ಮಿಕ್ಕ ಏಳು ಪಾಲು ತಾಂತ್ರಿಕ ಬದಲಾವಣೆಯದು ಎಂದು ಸೋಲೋ 1957ರಲ್ಲಿ ಲೆಕ್ಕ ತೋರಿಸಿದರು. ಆ ಏಳು ಪಾಲನ್ನು ಯಾರೂ ನೇರವಾಗಿ ಅಳೆದದ್ದಲ್ಲ, ಕಳೆದು ಉಳಿದ ಶೇಷ ಅದು. ಇಂಥ ಶೇಷವನ್ನು ಮೋಸೆಸ್ ಅಬ್ರಮೋವಿಟ್ಜ್ ಎಂಬ ಅರ್ಥಶಾಸ್ತ್ರಜ್ಞರು ನಮ್ಮ ಅಜ್ಞಾನದ ಅಳತೆ ಎಂದೇ ಕರೆದಿದ್ದರು.

“ನನ್ನ ಅಂಗಡಿಯ ಲೆಕ್ಕದಲ್ಲಿ ಎಂಟರಲ್ಲಿ ಏಳು ಪಾಲನ್ನು ‘ಇತರೆ’ ಎಂದು ಬರೆದರೆ ಆಡಿಟರು ನನ್ನನ್ನು ಸುಮ್ಮನೆ ಬಿಡುತ್ತಾರೆಯೇ?” ಎಂದರು ಶೆಟ್ಟರು.

“ಸೋಲೋ ಅವರಿಗೆ 1987ರಲ್ಲಿ ನೊಬೆಲ್ ಕೊಟ್ಟರು.”

ನ್ಯಾಯವಾಗಿ ಹೇಳಬೇಕೆಂದರೆ, ಗೊತ್ತಿಲ್ಲದ್ದು ಎಷ್ಟೆಂದು ಅಂಕಿಯಲ್ಲಿ ತೋರಿಸಿದ್ದೇ ದೊಡ್ಡ ಕೆಲಸ. ನಮ್ಮ ಗುಂಪಿನಲ್ಲಿ ಅದನ್ನು ಮಾಡಿದವರಿಲ್ಲ.

ಸೋಲೋ ಮಾದರಿ ಎಲ್ಲಿಂದ ಬಂತೆಂದು ವಿವರಿಸದೆ ಹೊರಗೇ ಬಿಟ್ಟಿದ್ದ ತಂತ್ರಜ್ಞಾನವನ್ನು ಮಾದರಿಯೊಳಗೆ ತಂದ ಅರ್ಥಶಾಸ್ತ್ರಜ್ಞರಲ್ಲಿ ಪಾಲ್ ರೋಮರ್ ಮುಖ್ಯರು. 1990ರ ಅವರ ಪ್ರಬಂಧದ ಹೂರಣವನ್ನು ಮೇಷ್ಟ್ರು ಕಾವಲಿಯ ಮೇಲೆಯೇ ವಿವರಿಸಿದರು. ಒಂದು ಕಾವಲಿ ಒಂದು ಹೊತ್ತಿಗೆ ಒಂದೇ ಹೋಟೆಲಿನದು, ಆದರೆ ಹಿಟ್ಟಿನ ಹದ ತಿಳಿದರೆ ಬೆಂಗಳೂರಿನ ಅಷ್ಟೂ ಹೋಟೆಲುಗಳು ಅದನ್ನು ಏಕಕಾಲಕ್ಕೆ ಬಳಸಬಹುದು, ಹದವೇನೂ ಸವೆಯುವುದಿಲ್ಲ. ತೊಡಕೆಂದರೆ, ಎಲ್ಲರಿಗೂ ಪುಕ್ಕಟೆ ಸಿಗುವ ಹದವನ್ನು ಕೈಯಿಂದ ದುಡ್ಡು ಹಾಕಿ ಕಂಡುಹಿಡಿಯುವವರು ಯಾರು? ಆದ್ದರಿಂದಲೇ ಪೇಟೆಂಟು, ಏಕಸ್ವಾಮ್ಯ, ಅದರ ಲಾಭ ಇವೆಲ್ಲ ಮಾದರಿಯೊಳಗೆ ಬಂದವು.

“ಹಾಗಿದ್ದರೆ ಬೆಳವಣಿಗೆ ಎಂದರೆ ನಾವೇ” ಎಂದು ರಾಯರ ಸಾಫ್ಟ್‌ವೇರ್ ಅಳಿಯ ಎದೆಯುಬ್ಬಿಸಿದ. ಕಂಪ್ಯೂಟರ್ ಯುಗ ಎಲ್ಲೆಲ್ಲೂ ಕಾಣುತ್ತದೆ, ಉತ್ಪಾದಕತೆಯ ಅಂಕಿಅಂಶಗಳಲ್ಲಿ ಮಾತ್ರ ಕಾಣುವುದಿಲ್ಲ ಎಂದು ಸೋಲೋ 1987ರಲ್ಲೇ ಛೇಡಿಸಿದ್ದನ್ನು ಮೇಷ್ಟ್ರು ಅವನಿಗೆ ತಿಳಿಸಿದರು. ಮಾವನ ಮುಖದಲ್ಲಿ ಅಂದು ಮೊದಲ ಬಾರಿಗೆ ನಗು ಕಂಡಿತು.

“ಸರಿ, 2047ಕ್ಕೆ ದೇಶ ಹೇಗಿರುತ್ತದೆಂದು ಈಗಲೇ ಹೇಗೆ ಹೇಳುತ್ತಾರೆ?” ಎಂದರು ಶೆಟ್ಟರು.

“ಇಂಥ ದೀರ್ಘ ಅಂದಾಜುಗಳಲ್ಲಿ ಉತ್ಪಾದಕತೆ ವರ್ಷಕ್ಕೆ ಶೇಕಡಾ ಇಷ್ಟು ಬೆಳೆಯುತ್ತದೆಂದು ಮಾದರಿ ಕಟ್ಟುವವರೇ ಸಾಮಾನ್ಯವಾಗಿ ಮೊದಲು ತುಂಬಿರುತ್ತಾರೆ. ತಲಾ ಉತ್ಪನ್ನ ಕೊನೆಗೆ ಅದರ ವೇಗದಲ್ಲೇ ಸಾಗುತ್ತದೆ. 1 ಎಂದು ತುಂಬಿದರೆ ಇಮ್ಮಡಿಯಾಗಲು ಸುಮಾರು 70 ವರ್ಷ, 2 ಎಂದರೆ 35.”

“ಅಂದರೆ ಉತ್ತರವನ್ನು ಬರೆದುಕೊಂಡೇ ಲೆಕ್ಕಕ್ಕೆ ಕೂರುತ್ತಾರೆ!”

“ನನ್ನ ವಯಸ್ಸಿಗೆ 35 ವರ್ಷ ಕಾಯುವುದು ಕಷ್ಟ” ಎಂದರು ರಾಯರು, “ದಯವಿಟ್ಟು 3 ಎಂದು ಬರೆಸಿ.”