ಗ್ರ್ಯಾಂಡ್ ಕ್ಯಾನ್ಯನ್‌ಗೆ ಅಪ್ಪನಿಗೆ ಬ್ಯಾಟರಿ ಸ್ಕೂಟರ್: ಹೋಗಿ ಬಂದವರು ಹೇಳಿ

ಹಾಸನದವನು, ಸ್ಯಾನ್ ಹೋಸೆ:
ಅಪ್ಪ ಅಮ್ಮ ಮೇ ತಿಂಗಳಲ್ಲಿ ಬರುತ್ತಿದ್ದಾರೆ. ಅಪ್ಪನಿಗೆ ಎರಡೂ ಮಂಡಿ ಸವೆದಿವೆ, ಮನೆಯೊಳಗೆ ಓಡಾಡುತ್ತಾರೆ, ದೂರ ಆಗಲ್ಲ. ಸೌತ್ ರಿಮ್, ಅಂದರೆ ಕಣಿವೆಯ ದಕ್ಷಿಣದ ಅಂಚು, ನೋಡಬೇಕು ಅಂತ ತುಂಬಾ ಆಸೆ. ನಡೆಯಲಾಗದವರು ಕೂತು ಓಡಿಸುವ ಚಿಕ್ಕ ಸ್ಕೂಟರ್ ಬಾಡಿಗೆಗೆ ತಗೊಳ್ಳೋದಾ, ಕೊಳ್ಳೋದಾ? ಪಾರ್ಕಿನ ಬಸ್ಸಿಗೆ ಹತ್ತುತ್ತದಾ?

ಫೀನಿಕ್ಸ್ ಕನ್ನಡತಿ:
ಬಸ್ಸಿನ ಆಸೆ ಬಿಟ್ಟುಬಿಡಿ. 30 ಇಂಚು ಅಗಲ, 48 ಇಂಚು ಉದ್ದ, ಅದಕ್ಕಿಂತ ದೊಡ್ಡದು ಹತ್ತುವುದಿಲ್ಲ. ನಮ್ಮ ಅತ್ತೆಯವರಿಗೆ ತಂದ ನಾಲ್ಕು ಚಕ್ರದ ಗಾಡಿ 51 ಇಂಚು. ಡ್ರೈವರ್ ನೋಡಿದ ಕೂಡಲೇ ಆಗಲ್ಲ ಅಂದ. ದಿನಕ್ಕೆ 50 ಡಾಲರ್ ಬಾಡಿಗೆ, 250 ಡೆಪಾಸಿಟ್. ವಾಪಸ್ ಕೊಡುವಾಗ ಮುಂದಿನ ಬುಟ್ಟಿ ಬಿರುಕು ಬಿಟ್ಟಿದೆ ಅಂತ 60 ಡಾಲರ್ ಹಿಡಿದುಕೊಂಡರು. ಆ ಬಿರುಕು ಮೊದಲೇ ಇತ್ತು, ಫೋಟೋ ಇದೆ ನನ್ನ ಹತ್ತಿರ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆದರೆ ಕಣಿವೆಯ ಅಂಚಿನಲ್ಲೇ ಸಾಗುವ ಹರ್ಮಿಟ್ ರೋಡ್ ಬಿಡಬೇಡಿ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಲ್ಲಿ ಸ್ವಂತ ಕಾರು ಬಿಡುವುದಿಲ್ಲ. ನಡೆಯಲಾಗದವರು ಜೊತೆಗಿದ್ದರೆ ಗೇಟಿನಲ್ಲೇ ಪರ್ಮಿಟ್ ಕೇಳಿ, ಕೊಡುತ್ತಾರೆ, ಕಾರಿನ ಮುಂದಿನ ಗಾಜಿನ ಹತ್ತಿರ ಇಟ್ಟುಕೊಂಡು ಹೋಗಬಹುದು. ಆ ರಸ್ತೆಯ ಕಡೆ ಮಾನ್ಯುಮೆಂಟ್ ಕ್ರೀಕ್ ವಿಸ್ಟಾದಿಂದ ಕೊನೆಯ ನಿಲ್ದಾಣ ಹರ್ಮಿಟ್ಸ್ ರೆಸ್ಟ್‌ವರೆಗೆ 2.8 ಮೈಲಿ ಟಾರು ದಾರಿ, ಅಗಲವಾಗಿದೆ. ಅತ್ತೆಯವರು ಅಷ್ಟೂ ದೂರ ತಾವೇ ಓಡಿಸಿದರು. ನಾವು ಹಿಂದೆ ಓಡಬೇಕಾಯಿತು.

ದಾವಣಗೆರೆಯವನು:
ಬಾಡಿಗೆ ಗೀಡಿಗೆ ಯಾಕ್ರೀ, ಊರಿಂದಲೇ ತರಿಸಿ. ನಾನು ಬೆಂಗಳೂರಿನಿಂದ ಅಪ್ಪನ ಮಡಚುವ ಗಾಡಿಯನ್ನೇ ತರಿಸಿದೆ. ಲಿಥಿಯಂ ಬ್ಯಾಟರಿ, 24 ವೋಲ್ಟ್, 11.5 ಆಂಪಿಯರ್ ಅವರ್. ಗುಣಿಸಿದರೆ 276 ವಾಟ್ ಅವರ್. ಕಳಚುವ ಬ್ಯಾಟರಿಗೆ ವಿಮಾನದಲ್ಲಿ 300 ಮಿತಿ, ಅದನ್ನು ಕೈಯಲ್ಲೇ ಕ್ಯಾಬಿನ್ನಿಗೆ ಒಯ್ಯಬೇಕು. ಇಷ್ಟೆಲ್ಲಾ ಬರೆದ ಚೀಟಿ ಅಪ್ಪನ ಜೇಬಿನಲ್ಲಿಟ್ಟಿದ್ದೆ. ಆದರೂ ಕೌಂಟರಿನಲ್ಲಿ ಮುಕ್ಕಾಲು ಗಂಟೆ ವಾದ. ಇಳಿದಾಗ ಹ್ಯಾಂಡಲ್ ಸೊಟ್ಟ! ರಿಪೇರಿಗೆ 180 ಡಾಲರ್. ವಿಮಾನದವರು ಕೊಟ್ಟಿದ್ದು ಸೊನ್ನೆ. ಚಾರ್ಜರ್ ಬರೀ 230 ವೋಲ್ಟಿಂದು, ಇಲ್ಲಿ 120. ಹೊಸದಕ್ಕೆ 74 ಡಾಲರ್. ಇಷ್ಟಾದರೂ ಅದೇ ಸರಿ ಅಂತೀನಿ, ಅಪ್ಪನಿಗೆ ಕೈ ಪಳಗಿದ ಗಾಡಿ.

ಫೀನಿಕ್ಸ್ ಕನ್ನಡತಿ:
254 ಡಾಲರ್ ಕಳೆದುಕೊಂಡು ಸಲಹೆ ಬೇರೆ ಕೊಡುತ್ತಿದ್ದೀರಾ? ಹೊರದೇಶದ ಪ್ರಯಾಣದಲ್ಲಿ ಸ್ಕೂಟರ್ ಕೂಡ ಲಗೇಜ್ ಲೆಕ್ಕ. ಹಾಳಾದರೆ ವಿಮಾನದವರು ಕೊಡಬೇಕಾದ ಪರಿಹಾರಕ್ಕೆ ಮಾಂಟ್ರಿಯಲ್ ಒಪ್ಪಂದದ ಮಿತಿ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಹಣ). ಅದಕ್ಕಿಂತ ದುಬಾರಿ ಗಾಡಿಯಾದರೆ ಚೆಕ್‌ಇನ್‌ನಲ್ಲೇ ಬೆಲೆ ಬರೆಸಬೇಕು. ಬರೆಸಿದ್ರಾ?

ದಾವಣಗೆರೆಯವನು:
ನನ್ನ ದುಡ್ಡು, ನನ್ನ ಅಪ್ಪ. ನಿಮ್ಮ ಬುಟ್ಟಿ ನೀವು ನೋಡಿಕೊಳ್ಳಿ ಮೇಡಂ.

ಶಿರಸಿ ಮಾಣಿ:
ಇಬ್ಬರೂ ಸುಮ್ನೆ ದುಡ್ಡು ಸುರಿದಿದ್ದೀರಿ. ವಿಸಿಟರ್ ಸೆಂಟರಿನಲ್ಲಿ ಆ ದಿನದ ಮಟ್ಟಿಗೆ ವೀಲ್‌ಚೇರ್ ಕೊಡುತ್ತಾರೆ, ಪುಕ್ಕಟೆ. ಬೆಳಿಗ್ಗೆ ಬೇಗ ಹೋಗಬೇಕು ಅಷ್ಟೇ. ಅಲ್ಲಿನ ಯಾವಾಪಾಯ್ ಮ್ಯೂಸಿಯಮ್ಮಿನಿಂದ ಗ್ರ್ಯಾಂಡ್ ಕ್ಯಾನ್ಯನ್ ವಿಲೇಜ್ ಕಡೆಗೆ ಟ್ರೇಲ್ ಆಫ್ ಟೈಮ್ ಅಂತ ದಾರಿ ಇದೆ, ಒಂದು ಮೀಟರಿಗೆ ಹತ್ತು ಲಕ್ಷ ವರ್ಷದ ಲೆಕ್ಕ, ಪಕ್ಕದಲ್ಲಿ ಆಯಾ ಕಾಲದ ಬಂಡೆಗಳು. ನಮ್ಮ ಆಯಿ (ಅಮ್ಮ) ಒಂದೊಂದನ್ನೂ ಮುಟ್ಟಿ ನೋಡಿದರು. ಹೆತ್ತವರನ್ನು ತಳ್ಳಲು ಮಕ್ಕಳಿಗೆ ನಾಚಿಕೆ ಯಾಕೆ?

ಪೋಲಿಯೋ ಕಾಲಿನವಳು:
ನಾಚಿಕೆ ಪ್ರಶ್ನೆ ತರಬೇಡಿ. ಚಿಕ್ಕಂದಿನಿಂದ ತಳ್ಳಿಸಿಕೊಂಡವಳು ನಾನು. ತಳ್ಳುವವರು ನಿಂತಲ್ಲಿ ನಿಲ್ಲಬೇಕು, ಅವರಿಗೆ ಬೇಜಾರಾದರೆ ಹೊರಡಬೇಕು. ಕಣಿವೆ ನೋಡುವ ಜಾಗ ಮ್ಯಾಥರ್ ಪಾಯಿಂಟಿನಲ್ಲಿ ನನಗೆ ಬೇಕಾದಷ್ಟು ಹೊತ್ತು ನಾನೇ ನಿಂತೆ, ನಾನೇ ತಿರುಗಿಸಿದೆ. ಸ್ಕೂಟರಿಗೆ ಕೊಟ್ಟ ಒಂದೊಂದು ಪೈಸೆಯೂ ಅದಕ್ಕೇ. ಆ ಜಾಗ 7,000 ಅಡಿ ಎತ್ತರ, ನಮ್ಮ ಮುಳ್ಳಯ್ಯನಗಿರಿಗಿಂತ ಮೇಲೆ. ಏರಿನಲ್ಲಿ ತಳ್ಳುವವರ ಎದೆಯೂ ಹಾರುತ್ತದೆ, ಅದನ್ನೂ ಬರೆಯಿರಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಏರಿಗೆ ಇನ್ನೂ ಬೇಗ. ರಾತ್ರಿ ಗಾಡಿಯನ್ನು ಕಾರಿನಲ್ಲಿ ಬಿಡಬೇಡಿ, ಬ್ಯಾಟರಿ ರೂಮಿಗೆ ತನ್ನಿ. ಮತ್ತೆ ಮೂರು ಚಕ್ರದ್ದು ಬೇಡವೇ ಬೇಡ, ಓರೆ ನೆಲದಲ್ಲಿ ತಿರುಗಿಸುವಾಗ ವಾಲುತ್ತದೆ.

ದಾವಣಗೆರೆಯವನು:
ಅಪ್ಪನದು ಮೂರು ಚಕ್ರದ್ದೇ. ವಾಲಿಲ್ಲ. ಕಾರಿನ ಡಿಕ್ಕಿಗೆ ಒಬ್ಬನೇ ಎತ್ತಿ ಹಾಕಬಹುದು. ನಾಲ್ಕು ಚಕ್ರದ್ದನ್ನು ಎತ್ತುವವರ ಸೊಂಟಕ್ಕೆ ಯಾರು ಗತಿ?

ಶಿರಸಿ ಮಾಣಿ:
ಅಕ್ಕ, ನಮ್ಮ ಆಯಿ ಹೊರಡೋಣ ಅಂದಾಗಲೇ ಹೊರಟದ್ದು. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಪೋಲಿಯೋ ಕಾಲಿನವಳು:
ನಿಮ್ಮ ಆಯಿ ಬಂದು ಬರೆದರೆ ಒಪ್ಪುತ್ತೇನೆ.

ಹಾಸನದವನು, ಸ್ಯಾನ್ ಹೋಸೆ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪ ಇಂಥ ಗಾಡಿ ಯಾವತ್ತೂ ಓಡಿಸಿಲ್ಲ, ಅದಕ್ಕೇನು ಮಾಡೋದು? ಅಂಗವಿಕಲರಿಗೆ ಪಾರ್ಕ್ ಪ್ರವೇಶಕ್ಕೆ ಕೊಡುವ ಪುಕ್ಕಟೆ ಆಕ್ಸೆಸ್ ಪಾಸ್ ಅವರಿಗೂ ಸಿಗುತ್ತದಾ?

ಫೀನಿಕ್ಸ್ ಕನ್ನಡತಿ:
ಪಾಸ್ ಸಿಗಲ್ಲ. ಇಲ್ಲಿನ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಹರ್ಮಿಟ್ ರೋಡಿನ ಪರ್ಮಿಟ್ ಬೇರೆ, ಅದಕ್ಕೆ ವೀಸಾ ಕೇಳಲ್ಲ. ಆ ಪರ್ಮಿಟ್ಟನ್ನು ಗಟ್ಟಿಮುಟ್ಟಾದವರೂ ಕುಂಟುವ ನಾಟಕ ಆಡಿ ತಗೊಳ್ಳುತ್ತಾರೆ, ಅವರಿಂದಾಗಿ ನಮಗೆ ಆ ರಸ್ತೆಯ ಹೋಪಿ ಪಾಯಿಂಟಿನಲ್ಲಿ ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ.

ಶಿರಸಿ ಮಾಣಿ:
ನೋಡಿದರೆ ಗೊತ್ತಾಗುತ್ತದಾ ಯಾರಿಗೆ ಏನು ಕಾಯಿಲೆ ಅಂತ? ನನ್ನ ತಮ್ಮನಿಗೆ ಹೃದಯದ ತೊಂದರೆ, ನೋಡಲು ಪೈಲ್ವಾನನ ಹಾಗಿದ್ದಾನೆ.

ಫೀನಿಕ್ಸ್ ಕನ್ನಡತಿ:
ನಿಮ್ಮ ತಮ್ಮನ ವಿಷಯ ನಾನು ಎತ್ತಿಲ್ಲ. ಕಾರಿನಿಂದ ಇಳಿದು ಕಟ್ಟೆ ಹತ್ತಿ ಕುಣಿದು ರೀಲ್ಸ್ ಮಾಡಿದವರ ಬಗ್ಗೆ ಹೇಳಿದ್ದು.