ತಂತ್ರಜ್ಞಾನ ಸಲಹಾ ಸಂಸ್ಥೆಯ ಸಂದರ್ಶನ: ಹೋಗಿ ಬಂದವರು ಅನುಭವ ತಿಳಿಸುವಿರಾ?

ಪ್ರಶ್ನೆ: ಕಾಪುವಿನಿಂದ

ಎಲ್ಲರಿಗೂ ನಮಸ್ಕಾರ. ನಾನು ಕಾಪುವಿನವನು. ಮೂರು ವರ್ಷಗಳಿಂದ ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಟೆಸ್ಟಿಂಗ್ ವಿಭಾಗದಲ್ಲಿದ್ದೇನೆ. ಬೆಂಗಳೂರಿನ ಒಂದು ಟೆಕ್ನಾಲಜಿ ಕನ್ಸಲ್ಟಿಂಗ್ ಸಂಸ್ಥೆಗೆ ಅರ್ಜಿ ಹಾಕಿದ್ದೆ. ಆನ್‌ಲೈನ್ ಪರೀಕ್ಷೆಯಲ್ಲಿ ಆಯ್ಕೆಯಾಗಿ, ಈಗ ಎರಡು ಸುತ್ತುಗಳು ಉಳಿದಿವೆ. ಒಂದು ವಿಡಿಯೋ ಮೂಲಕ ನಡೆಯುವ ಕೇಸ್ ಇಂಟರ್‌ವ್ಯೂ, ಅಂದರೆ ಒಂದು ವ್ಯವಹಾರದ ಸಮಸ್ಯೆಯನ್ನು ಕೊಟ್ಟು ಅದನ್ನು ಹೇಗೆ ಬಿಡಿಸುತ್ತೀರಿ ಎಂದು ಕೇಳುವ ಸಂದರ್ಶನ; ಇನ್ನೊಂದು ಬೆಂಗಳೂರಿನ ಕಚೇರಿಯಲ್ಲಿ ಹಿರಿಯ ಅಧಿಕಾರಿಯೊಬ್ಬರೊಡನೆ ಮುಖಾಮುಖಿ.

ಇದುವರೆಗಿನ ಸಂದರ್ಶನಗಳಲ್ಲಿ ಕೋಡ್ ಬರೆಸುತ್ತಿದ್ದರು, ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್ ಭಾಷೆಯ ಬಗ್ಗೆ ಕೇಳುತ್ತಿದ್ದರು. ಉತ್ತರ ಸರಿಯೋ ತಪ್ಪೋ ಎಂಬುದು ಅಲ್ಲಿಯೇ ಗೊತ್ತಾಗುತ್ತಿತ್ತು. ಕೇಸ್ ಇಂಟರ್‌ವ್ಯೂನಲ್ಲಿ ಅವರು ನೋಡುವುದಾದರೂ ಏನನ್ನು? ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷಿನಲ್ಲಿ ಬರೆಯಲು ತೊಂದರೆಯಿಲ್ಲ, ಆದರೆ ಯೋಚಿಸುತ್ತ ಮಾತನಾಡಬೇಕಾಗಿ ಬಂದರೆ ತಡವರಿಸುತ್ತೇನೆ. ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ, ಬೇರೆ 90 ದಿನಗಳಿವೆ. ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ಸುರತ್ಕಲ್‌ನಿಂದ

ನಾನು ಇಂಥ ಸಂದರ್ಶನಕ್ಕೆ ಎರಡು ಸಲ ಕುಳಿತಿದ್ದೇನೆ. ಮೊದಲನೆಯದರಲ್ಲಿ ಆಯ್ಕೆಯಾಗಲಿಲ್ಲ, ಎರಡನೆಯದರಲ್ಲಿ ಆಯಿತು. ಸೋತದ್ದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ನಾನು ಕಲಿತದ್ದು ಅಲ್ಲಿಯೇ.

ಅವರು ಕೊಟ್ಟ ಕೇಸ್ ಹೀಗಿತ್ತು: ಒಂದು ಸಗಟು ವ್ಯಾಪಾರದ ಸಂಸ್ಥೆಗೆ 40 ಶಾಖೆಗಳಿವೆ, ಪ್ರತಿ ಶಾಖೆಯೂ ದಾಸ್ತಾನಿನ ಲೆಕ್ಕವನ್ನು ತನ್ನದೇ ಎಕ್ಸೆಲ್ ಹಾಳೆಯಲ್ಲಿ ಇಟ್ಟುಕೊಂಡಿದೆ, ಮಾಲೀಕರಿಗೆ ಹೊಸ ಸಾಫ್ಟ್‌ವೇರ್ ಬೇಕಾಗಿದೆ. ನಾನು ತಡಮಾಡದೆ ಡೇಟಾಬೇಸ್ ಹೇಗಿರಬೇಕು, ಯಾವ ಕ್ಲೌಡ್ ಸೇವೆ ಬಳಸಬೇಕು ಎಂದು ಹೇಳತೊಡಗಿದೆ. ಐದು ನಿಮಿಷವಾದ ಮೇಲೆ ಸಂದರ್ಶಕರು ಪೆನ್ನನ್ನು ಕೆಳಗಿಟ್ಟು, "ನೀವು ನಮ್ಮನ್ನು ಏನನ್ನೂ ಕೇಳುವುದಿಲ್ಲವೇ?" ಎಂದರು. ಮಾಲೀಕರಿಗೆ ಸಾಫ್ಟ್‌ವೇರ್ ಏಕೆ ಬೇಕಾಗಿದೆ, ಮಾಲು ಕೊಳೆತು ನಷ್ಟವಾಗುತ್ತಿದೆಯೇ, ಕಳವಾಗುತ್ತಿದೆಯೇ, ಒಂದು ಶಾಖೆಯಲ್ಲಿ ಮಿಕ್ಕಿದ್ದು ಇನ್ನೊಂದರಲ್ಲಿ ಸಿಗದೆ ಗಿರಾಕಿ ಹಿಂದಿರುಗುತ್ತಿದ್ದಾನೆಯೇ ಎಂಬುದೊಂದನ್ನೂ ನಾನು ವಿಚಾರಿಸಿರಲಿಲ್ಲ. ಈ ಮೂರೂ ಕಾಯಿಲೆಗಳಿಗೆ ಮದ್ದು ಬೇರೆ ಬೇರೆ.

ಎರಡನೆಯ ಸಲ ಅಂದಾಜಿನ ಪ್ರಶ್ನೆ ಬಂತು. ನನ್ನ ಊರು ಕೇಳಿಕೊಂಡು, "ಉಡುಪಿ ಮತ್ತು ಮಂಗಳೂರಿನ ನಡುವೆ ದಿನಕ್ಕೆ ಎಷ್ಟು ಜನ ಬಸ್ಸಿನಲ್ಲಿ ಓಡಾಡುತ್ತಾರೆ?" ಎಂದರು. ನಾನು ಕಾಗದದ ಮೇಲೆ ಬರೆಯುತ್ತ ಬಾಯಿಬಿಟ್ಟು ಹೇಳುತ್ತ ಹೋದೆ: ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ 15 ಗಂಟೆ, ಐದು ನಿಮಿಷಕ್ಕೊಂದು ಬಸ್ಸು ಎಂದಿಟ್ಟುಕೊಂಡರೆ ಒಂದು ದಿಕ್ಕಿಗೆ 180 ಟ್ರಿಪ್, ಎರಡೂ ದಿಕ್ಕಿಗೆ 360. ಸೀಟು 45 ಇದ್ದರೂ ಪಡುಬಿದ್ರಿ, ಮೂಲ್ಕಿಗಳಲ್ಲಿ ಇಳಿಯುವವರ ಜಾಗಕ್ಕೆ ಬೇರೆಯವರು ಹತ್ತುವುದರಿಂದ ಟ್ರಿಪ್ಪಿಗೆ 60 ಜನ, ಒಟ್ಟು 21,600. ಸಂಖ್ಯೆ ನಿಜವೇ ಎಂದು ಅವರು ಕೇಳಲೇ ಇಲ್ಲ. "ಇದರಲ್ಲಿ ನಿಮಗೆ ಯಾವ ಊಹೆಯ ಮೇಲೆ ಅತಿ ಕಡಿಮೆ ನಂಬಿಕೆ?" ಎಂದಷ್ಟೇ ಕೇಳಿದರು. ಐದು ನಿಮಿಷದ ಅಂತರ ಎಂದೆ. ಮಧ್ಯಾಹ್ನ ಅಷ್ಟು ಬಸ್ಸು ಇರಲಾರದು ಎಂದು ಕಾರಣವನ್ನೂ ಹೇಳಿದೆ.

ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲದ ಎಂಐಟಿಯಂಥ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಕುಳಿತು ಇದನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ. ನಮಗೆ ಆ ಅನುಕೂಲವಿರಲಿಲ್ಲ. ಮನೆಯವರಲ್ಲಿ ಯಾರನ್ನಾದರೂ ಎದುರು ಕೂರಿಸಿಕೊಂಡು, ಯೋಚನೆಯನ್ನು ಗಟ್ಟಿಯಾಗಿ ಹೇಳುವುದನ್ನು ರೂಢಿಸಿಕೊಳ್ಳಿ.

ಉತ್ತರ 2: ಕದ್ರಿಯಿಂದ

ಕೆಲವು ವರ್ಷಗಳಿಂದ ನಾನು ಮೇಜಿನ ಆಚೆ ಬದಿಯಲ್ಲಿ ಕುಳಿತು ಸಂದರ್ಶನ ಮಾಡುತ್ತಿದ್ದೇನೆ. ಭಾಷೆಯ ಬಗ್ಗೆ ಮಾತ್ರ ಹೇಳುತ್ತೇನೆ. ನಿಮ್ಮ ಉಚ್ಚಾರಣೆಯನ್ನು ಯಾರೂ ಅಳೆಯುವುದಿಲ್ಲ. ಕ್ಲೈಂಟ್ ಎದುರು ನಿಮ್ಮನ್ನು ಕೂರಿಸಿದರೆ ಅವರಿಗೆ ವಿಷಯ ಅರ್ಥವಾದೀತೇ ಎಂಬುದನ್ನು ಅಳೆಯುತ್ತಾರೆ. ಪ್ರಶ್ನೆ ಕೇಳಿದೊಡನೆ ಮಾತು ಆರಂಭಿಸಲೇಬೇಕೆಂಬ ನಿಯಮವಿಲ್ಲ. "ಒಂದು ನಿಮಿಷ ಯೋಚಿಸಲು ಕೊಡಿ" ಎಂದು ಕೇಳಿ, ಮೂರು ಅಂಶಗಳನ್ನು ಗುರುತು ಹಾಕಿಕೊಂಡು, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಿ. ತಡವರಿಕೆ ಬಹುಮಟ್ಟಿಗೆ ಹುಟ್ಟುವುದು ವಾಕ್ಯವನ್ನು ಉದ್ದ ಮಾಡಲು ಹೋದಾಗ.

ನೀವು ಟೆಸ್ಟಿಂಗ್‌ನವರು ಎಂಬುದನ್ನು ಕೊರತೆಯೆಂದು ಭಾವಿಸಬೇಡಿ. ಬಳಕೆದಾರ ಎಲ್ಲಿ ಎಡವುತ್ತಾನೆ ಎಂಬುದನ್ನು ನಿಮ್ಮಷ್ಟು ಹತ್ತಿರದಿಂದ ಕಂಡವರು ಕಡಿಮೆ. ನೀವು ಹಿಡಿದ ಒಂದು ದೋಷದಿಂದ ಕ್ಲೈಂಟ್‌ಗೆ ಯಾವ ತೊಂದರೆ ತಪ್ಪಿತು ಎಂಬುದನ್ನು ಹಿರಿಯರ ಸುತ್ತಿನಲ್ಲಿ ಹೇಳಲು ಸಿದ್ಧಮಾಡಿಕೊಳ್ಳಿ.

ಮಳೆಗಾಲವಾದ್ದರಿಂದ ಇನ್ನೊಂದು ಮಾತು. ವಿಡಿಯೋ ಸುತ್ತಿನ ಹೊತ್ತಿಗೆ ಕರೆಂಟು ಹೋದರೆ ಮೊಬೈಲ್ ಡೇಟಾದಲ್ಲಿ ಸೇರಿಕೊಳ್ಳುವ ವ್ಯವಸ್ಥೆ ಇರಲಿ, ನಿಮ್ಮ ಫೋನ್ ನಂಬರನ್ನು ಮೊದಲೇ ಅವರಿಗೆ ತಿಳಿಸಿರಿ. ಬೆಂಗಳೂರಿಗೆ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟು ಬೆಳಿಗ್ಗೆ ಸಂದರ್ಶನಕ್ಕೆ ಹಾಜರಾಗುವ ಯೋಚನೆ ಬೇಡ. ಘಟ್ಟದಲ್ಲಿ ಗುಡ್ಡ ಕುಸಿದರೆ ರಸ್ತೆಯೂ ರೈಲೂ ನಿಲ್ಲುತ್ತವೆ. ಒಂದು ದಿನ ಮುಂಚಿತವಾಗಿ ತಲುಪಿ.

ಉತ್ತರ 3: ಮಣಿಪಾಲದಿಂದ

ಸಂದರ್ಶನ ಮುಗಿದ ಮೇಲಿನದನ್ನೂ ಯಾರಾದರೂ ಹೇಳಬೇಕು. ಒಂದು ಸಂಸ್ಥೆ ನಾಲ್ಕು ಸುತ್ತು ನಡೆಸಿ, "ವಾರದೊಳಗೆ ತಿಳಿಸುತ್ತೇವೆ" ಎಂದು ಹೇಳಿ, ಆರು ವಾರ ನನ್ನ ಯಾವ ಮೇಲ್‌ಗೂ ಉತ್ತರಿಸಲಿಲ್ಲ. ಆ ಭರವಸೆಯಲ್ಲಿ ನಾನು ಬೇರೊಂದು ಅವಕಾಶವನ್ನು ಕೈಬಿಟ್ಟಿದ್ದೆ. ಅದು ಈಗಲೂ ನೋಯಿಸುತ್ತದೆ. ಬರಹದಲ್ಲಿ ಆಫರ್ ಲೆಟರ್ ಕೈಸೇರುವವರೆಗೆ ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. 90 ದಿನಗಳ ವಿಷಯವನ್ನು ಮೊದಲ ಎಚ್‌ಆರ್ ಕರೆಯಲ್ಲಿಯೇ ಹೇಳಿಬಿಡಿ. ನೋಟಿಸ್ ಅವಧಿ ಪೂರೈಸದೆ ಬಿಟ್ಟರೆ ಉಳಿದ ದಿನಗಳಿಗಾಗಿ ಹಳೆಯ ಕಂಪನಿಗೆ ಕೊಡಬೇಕಾದ ಹಣವನ್ನು ಕೆಲವು ಕಡೆ ಹೊಸ ಕಂಪನಿಯೇ ಭರಿಸುತ್ತದೆ.

ಬಾಂಡ್, ಅಂದರೆ ಇಷ್ಟು ವರ್ಷ ಕೆಲಸ ಬಿಡುವುದಿಲ್ಲ, ಬಿಟ್ಟರೆ ಹಣ ಕೊಡುತ್ತೇನೆ ಎಂಬ ಕರಾರು, ಇದ್ದರೆ ಓದದೆ ಸಹಿ ಹಾಕಬೇಡಿ. "ಬಾಂಡ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ" ಎಂದು ಹಲವರು ಧೈರ್ಯ ಹೇಳುತ್ತಾರೆ. ಆದರೆ ಮೂರು ವರ್ಷ ಸೇವೆ ಸಲ್ಲಿಸದೆ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದು 1931ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣ. ಸಾರ್ವಜನಿಕ ವಲಯದ ಬ್ಯಾಂಕಿನ ನೇಮಕಾತಿಯ ಖರ್ಚುವೆಚ್ಚವನ್ನೂ ಕೋರ್ಟ್ ಅಲ್ಲಿ ಪರಿಗಣಿಸಿತ್ತು, ಆದ್ದರಿಂದ ಪ್ರತಿಯೊಂದು ಖಾಸಗಿ ಬಾಂಡ್‌ಗೂ ಅದೇ ಅನ್ವಯಿಸುತ್ತದೆ ಎನ್ನಲಾಗದು. ಹಾಗೆಂದು ಹಗುರವಾಗಿಯೂ ತೆಗೆದುಕೊಳ್ಳಬಾರದು. ಇನ್ನು ಸಂದರ್ಶನಕ್ಕೋ ತರಬೇತಿಗೋ ಮುಂಗಡ ಹಣ ಕೇಳಿದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಊಟವಾದ ಮೇಲೆ ಅಕ್ಕನನ್ನು ಎದುರು ಕೂರಿಸಿಕೊಂಡು ಬಸ್ಸಿನ ಲೆಕ್ಕವನ್ನು ನನ್ನ ರೀತಿಯಲ್ಲಿ ಮಾಡಿ ನೋಡಿದೆ. ಆಕೆ ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರ ಕೆಲಸಕ್ಕೆ ಕಾಪುವಿನಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುವವಳು. ನಾನು ಒಟ್ಟು ಸಂಖ್ಯೆ ಹೇಳಿದ ಕೂಡಲೇ, "ನೀನು ಲೆಕ್ಕ ಹಾಕಿದ್ದು ಯಾವ ದಿನದ್ದು? ಕಾಲೇಜಿಗೆ ರಜೆಯಿದ್ದರೆ ನನಗೆ ಕಾಪುವಿನಲ್ಲಿಯೇ ಸೀಟು ಸಿಗುತ್ತದೆ" ಎಂದಳು. ದಿನ ಯಾವುದೆಂದು ನಾನು ಕೇಳಿಯೇ ಇರಲಿಲ್ಲ. ಗುರುವಾರ ವಿಡಿಯೋ ಸುತ್ತು ಇದೆ. ಮುಗಿದ ಮೇಲೆ ಅವರು ಏನೇನು ಕೇಳಿದರೆಂದು ಇಲ್ಲಿಯೇ ಬರೆಯುತ್ತೇನೆ.